ನಿಮ್ಮ ಡೇಟಾ ಮಾಡೆಲ್‌ನಲ್ಲಿ 'ಕಸ್ಟಮರ್' ಅಂದ್ರೆ ಯಾರು? ಇದನ್ನ ತೀರ್ಮಾನ ಮಾಡಬೇಕಾದೋರು ಯಾರು?

ಅರ್ಧಲೀಟರ್ · ಸೋಮವಾರ, ರಾತ್ರಿ 11:40

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಇದೆ, ಬೈಕೋಬೇಡಿ.

ನಾನು ಎಚ್‌ಎಸ್‌ಆರ್ ಲೇಔಟ್ ಕಡೆ ಒಂದು ಕಂಪನಿಲಿ ಡೇಟಾ ಇಂಜಿನಿಯರ್. ಬೆಳಗ್ಗೆ ಏಳರೊಳಗೆ ಹಾಲು, ಮೊಟ್ಟೆ, ಸೊಪ್ಪು, ತರಕಾರಿ ಮನೆ ಬಾಗಿಲಿಗೆ ತಲುಪಿಸೋ ಬಿಸಿನೆಸ್ಸು, ಹೆಸರು ಬೇಡ. ಡೇಟಾ ಟೀಮ್ ಅಂದ್ರೆ ನಾಲ್ಕೇ ಜನ, ಅದ್ರಲ್ಲಿ ಒಬ್ರು ನೋಟಿಸ್ ಪೀರಿಯಡ್‌ನಲ್ಲಿದಾರೆ.

ಇವತ್ತು ಸೋಮವಾರದ ರಿವ್ಯೂಲಿ ದೊಡ್ಡೋರು ಒಂದೇ ಒಂದು ಪ್ರಶ್ನೆ ಕೇಳಿದ್ರು, ಹೋದ ತಿಂಗಳು ನಮಗೆ ಎಷ್ಟು ಜನ ಕಸ್ಟಮರ್ಸ್ ಇದ್ರು ಅಂತ. ಮಾರ್ಕೆಟಿಂಗ್‌ನೋರು ಒಂದು ನಂಬರ್ ಹೇಳಿದ್ರು, ಆಪರೇಷನ್ಸ್‌ನೋರು ಅದಕ್ಕಿಂತ ಹೆಚ್ಚುಕಮ್ಮಿ ಕಾಲು ಭಾಗ ಕಮ್ಮಿ ಹೇಳಿದ್ರು, ಫೈನಾನ್ಸ್ ಮೇಡಂ ನೀವಿಬ್ರೂ ಹೇಳ್ತಿರೋದು ತಪ್ಪು ಅಂತ ಮೂರನೇದೊಂದು ಹೇಳಿದ್ರು. ಮೂರೂ ನಮ್ಮ ಡೇಟಾ ವೇರ್‌ಹೌಸ್‌ನಿಂದಾನೇ (ಎಲ್ಲ ಡೇಟಾ ಒಂದೇ ಕಡೆ ಸೇರಿಸಿಡೋ ಡೇಟಾಬೇಸ್) ಬಂದಿದ್ದು, ಅದರಿಂದ ಲೆಕ್ಕ ತೆಗೆಯೋ ಮೂರು ಕ್ವೆರಿನೂ ನಾನೇ ಬರೆದುಕೊಟ್ಟಿದ್ದು, ತಮಾಷೆ ಅಂದ್ರೆ ಮೂರೂ ಸರಿಯಾಗೇ ಇದೆ. ಒಂದು ಫೋನ್ ನಂಬರ್ ಎಣಿಸತ್ತೆ, ಒಂದು ವಿಳಾಸ ಎಣಿಸತ್ತೆ, ಇನ್ನೊಂದು ಇನ್‌ವಾಯ್ಸ್ ಮೇಲಿರೋ ಹೆಸರು ಎಣಿಸತ್ತೆ. ಆದ್ರೆ ಮೂರು ಕಾಲಮ್ಮಿನ ತಲೆ ಮೇಲೂ ಕಸ್ಟಮರ್ ಕೌಂಟ್ ಅಂತಾನೇ ಬರೆದಿದೆ. 'ಡೇಟಾ ಟೀಮ್ ಏನ್ ಕಡಿದು ಕಟ್ಟೆ ಹಾಕ್ತಿದೆ' ಅಂತ ಎಲ್ರ ಮುಂದೆ ಮಂಗಳಾರತಿ ಆಯ್ತು.

ಒಂದು ಉದಾಹರಣೆ ಕೊಡ್ತೀನಿ, ಸರ್ಜಾಪುರ ರೋಡಿನ ಒಂದು ಅಪಾರ್ಟ್‌ಮೆಂಟ್, ಫ್ಲ್ಯಾಟ್ ಬಿ-704 ಅಂದ್ಕೊಳಿ. ಯಜಮಾನ್ರ ನಂಬರಿಂದ ದಿನಾ ಎರಡು ಹಾಲು. ಅವರ ಮನೆಯೋರ ನಂಬರಿಂದ ವಾರಕ್ಕೆರಡು ಸಲ ತರಕಾರಿ. ಹಾಸನದಿಂದ ಬಂದಿದ್ದ ಅತ್ತೆ ನಂಬರಲ್ಲಿ ಮೂರನೇ ಅಕೌಂಟು, ಅದು ಮೊದಲ ಆರ್ಡರ್ ಕೂಪನ್‌ಗೋಸ್ಕರ ಅಂತ ಎಲ್ರಿಗೂ ಗೊತ್ತು. ಚೀಲ ನೇತಾಡೋದು ಮಾತ್ರ ಒಂದೇ ಬಾಗಿಲಲ್ಲಿ. ಮೇಲಿಂದ ಅದೇ ಯಜಮಾನ್ರು ಅಸೋಸಿಯೇಷನ್ ಸೆಕ್ರೆಟರಿ, ಗಣೇಶ ಹಬ್ಬಕ್ಕೆ ಕ್ಲಬ್‌ಹೌಸ್‌ಗೆ ನಲವತ್ತು ಲೀಟರ್ ಹಾಲು ತಮ್ಮ ನಂಬರಿಂದಾನೇ ಹಾಕ್ಸಿದ್ರು, ಬಿಲ್ ಅಸೋಸಿಯೇಷನ್ ಹೆಸರಿಗೆ. ಆಮೇಲೆ ಈ ಸಂಸಾರ ಮನೆ ಖಾಲಿ ಮಾಡ್ಕೊಂಡು ವೈಟ್‌ಫೀಲ್ಡ್‌ಗೆ ಹೋಯ್ತು, ನಂಬರ್ ಅದೇ. ಬಿ-704ಕ್ಕೆ ಹೊಸಬರು ಬಂದ್ರು, ಅವರೂ ನಮ್ಮ ಹತ್ರಾನೇ ಹಾಲು ತಗೋತಾರೆ.

ಈಗ ನನ್ನ ಪ್ರಶ್ನೆ. ಇವರನ್ನೆಲ್ಲ ಒಟ್ಟು ಸೇರಿಸಿ ಒಂದೇ ಕಸ್ಟಮರ್ ಟೇಬಲ್ ಮಾಡಬೇಕಾ? ನಮ್ಮ ಲೀಡ್ ಹೇಳೋದು ಆ್ಯಪ್ ಡೇಟಾಬೇಸ್‌ನಲ್ಲಿ ಯೂಸರ್ಸ್ ಟೇಬಲ್ ಹೆಂಗಿದೆಯೋ ಅದೇ ಸತ್ಯ, ನಾವ್ಯಾಕೆ ಹೊಸದಾಗಿ ಕಥೆ ಕಟ್ಟಬೇಕು ಅಂತ. ನನಗೆ ಯಾಕೋ ಅದು ಸರಿ ಅನ್ನಿಸ್ತಿಲ್ಲ, ಆದ್ರೆ ಎದುರುವಾದ ಮಾಡೋಕೆ ಗಟ್ಟಿ ಮಾತೂ ಸಿಗ್ತಿಲ್ಲ. ಇದನ್ನ ತೀರ್ಮಾನ ಮಾಡಬೇಕಾಗಿರೋರು ನಾವಾ, ಬಿಸಿನೆಸ್‌ನೋರಾ? ಅನುಭವ ಇರೋರು ದಯವಿಟ್ಟು ಹೇಳಿ.

ಕೆಂಗೇರಿ_ಕ್ವೆರಿ · ಮಂಗಳವಾರ, ಬೆಳಗ್ಗೆ 7:15

ಗುರುಗಳೇ, ಮನೇಲಿ ಕರೆಂಟ್ ಬಿಲ್ ಇದ್ರೆ ಒಂದ್ಸಲ ಕೈಗೆ ತಗೊಳ್ಳಿ, ಸೀರಿಯಸ್ಸಾಗೇ ಹೇಳ್ತಿದೀನಿ.

ಬೆಸ್ಕಾಂ ಬಿಲ್ ಮೇಲೆ ಆರ್‌ಆರ್ ನಂಬರ್ ಇದೆ, ಅಕೌಂಟ್ ಐಡಿ ಇದೆ, ಒಂದು ಹೆಸರಿದೆ. ನಾನು ಒಂಬತ್ತು ವರ್ಷದಿಂದ ಈ ಮನೇಲಿ ಬಾಡಿಗೆಗಿದೀನಿ. ಬಿಲ್ಲಲ್ಲಿರೋ ಹೆಸರು ಓನರ್ ತಂದೇದು, ಅವರು ತೀರ್ಕೊಂಡು ಕಾಲ ಆಯ್ತು. ಕರೆಂಟ್ ಉರಿಸೋದು ನಾವು. ದುಡ್ಡು ಹೋಗೋದು ನನ್ನ ಹೆಂಡ್ತಿ ಫೋನಿಂದ. ಈಗ ಹೇಳಿ, ಇಲ್ಲಿ ಕಸ್ಟಮರ್ ಯಾರು? ನಾಲ್ಕು ಬೇರೆ ಬೇರೆ ಸಂಗತಿ ಇದೆ ಇಲ್ಲಿ: ಕನೆಕ್ಷನ್ನು, ಅದು ಯಾರ ಹೆಸರಲ್ಲಿದೆ ಅನ್ನೋದು, ಬಳಸೋರು, ಕಟ್ಟೋರು. ಎಷ್ಟೋ ವರ್ಷ ಈ ನಾಲ್ಕೂ ಒಂದೇ ಅನ್ನೋ ಹಂಗೆ ನಡ್ಕೊಂಡು ಹೋಯ್ತು, ಏನೂ ತೊಂದ್ರೆ ಆಗ್ಲಿಲ್ಲ, ಯಾಕಂದ್ರೆ ಬೆಸ್ಕಾಂಗೆ ಮೀಟರ್ ಓದಿ ದುಡ್ಡು ಬಂದ್ರೆ ಸಾಕಾಗಿತ್ತು.

2023ರಲ್ಲಿ ಗೃಹಜ್ಯೋತಿ ಬಂತು ನೋಡಿ, ಆಗ ಗಂಟು ಬಿಚ್ಚಲೇಬೇಕಾಯ್ತು. ಸೌಲಭ್ಯ ಕೊಡಬೇಕಾಗಿರೋದು ಮನೇಲಿರೋ ಜನಕ್ಕೆ, ಲೆಕ್ಕ ಇರೋದು ಮೀಟರಿಂದು. ಅದಕ್ಕೇ ಅಕೌಂಟ್ ಐಡಿಗೆ ಆಧಾರ್ ಲಿಂಕ್ ಮಾಡಿ ಅಂದ್ರು, ಬಾಡಿಗೆದಾರರೂ ಅರ್ಜಿ ಹಾಕಬಹುದು ಅಂದ್ರು. 200 ಯೂನಿಟ್ ಮಿತಿ ಒಳಗೆ ಯಾರಿಗೆಷ್ಟು ಫ್ರೀ ಅನ್ನೋದಕ್ಕೆ ಶುರುವಿನಲ್ಲಿ ಇಟ್ಟಿದ್ದು 2022-23ರ ತಿಂಗಳ ಸರಾಸರಿ, ಅದರ ಮೇಲೆ 10 ಪರ್ಸೆಂಟ್. ಆ ಸರಾಸರಿ ಯಾರ್ದು ಸ್ವಾಮಿ? ಮೀಟರಿಂದು! ಹಿಂದಿನ ಬಾಡಿಗೆಯೋರು ಗೀಸರ್ ಜಾಸ್ತಿ ಉರಿಸಿದ್ರೆ ಹೊಸಬರಿಗೆ ಲಾಭ, ಅವರು ಊರಲ್ಲೇ ಇರ್ದೇ ಇದ್ರೆ ಹೊಸಬರಿಗೆ ಲಾಸು. ಆಮೇಲೆ ಜನ ಮನೆ ಬದಲಾಯಿಸಿದಾಗ ಆಧಾರ್ ಹಳೇ ಆರ್‌ಆರ್ ನಂಬರಿಗೇ ಅಂಟ್ಕೊಂಡಿತ್ತು, ಬಿಡಿಸೋಕೆ ಡಿ-ಲಿಂಕ್ ಅನ್ನೋ ಸೌಲಭ್ಯ ಬಂದಿದ್ದು 2024ರಲ್ಲಿ. ನಮ್ಮ ಭಾಷೇಲಿ ಹೇಳೋದಾದ್ರೆ ಮನುಷ್ಯ ಮತ್ತೆ ಮೀಟರ್ ನಡುವಿನ ಸಂಬಂಧಕ್ಕೆ ಶುರುವಾದ ದಿನ ಇತ್ತು, ಮುಗಿದ ದಿನ ಅನ್ನೋ ಕಾಲಮ್ಮೇ ಇರ್ಲಿಲ್ಲ.

ನಿಮ್ಮ ಬಿ-704 ಕಥೇನೂ ಡಿಟ್ಟೋ ಇದೇ. ಕಸ್ಟಮರ್ ಅನ್ನೋದು ಒಂದು ವಸ್ತು ಅಲ್ಲ, ಅದು ಒಂದು ಪಾತ್ರ. ಯಾರೋ ಒಬ್ರು ಆರ್ಡರ್ ಮಾಡೋ ಪಾತ್ರ, ಯಾರೋ ತಗೊಳೋ ಪಾತ್ರ, ಯಾರೋ ದುಡ್ಡು ಕೊಡೋ ಪಾತ್ರ. ನಾನಾದ್ರೆ ಕಸ್ಟಮರ್ ಅನ್ನೋ ಹೆಸರಿನ ಟೇಬಲ್ಲೇ ಇಟ್ಕೊಳಲ್ಲ. ಲಾಗಿನ್ ಅಕೌಂಟ್ ಒಂದು, ಡೆಲಿವರಿ ಜಾಗ ಒಂದು, ಬಿಲ್ ಪಾರ್ಟಿ ಒಂದು, ಬೇಕೇ ಬೇಕು ಅಂದ್ರೆ ಮನೆತನ ಅಂತ ಇನ್ನೊಂದು, ಇವುಗಳ ಮಧ್ಯೆ ಯಾವತ್ತಿಂದ ಯಾವತ್ತಿನ ತನಕ ಅನ್ನೋ ತಾರೀಖಿರೋ ಬ್ರಿಡ್ಜ್ ಟೇಬಲ್ಲುಗಳು, ಅಂದ್ರೆ ಯಾವುದು ಯಾವುದಕ್ಕೆ ಸೇರಿದ್ದು ಅಂತ ಜೋಡಿಸೋ ಟೇಬಲ್ಲು. ಕಂಪ್ಯೂಟರ್ ವಿಜ್ಞಾನಿ ಪೀಟರ್ ಚೆನ್ 1976ರಲ್ಲೇ ಎಂಟಿಟಿ (ನಾವು ಲೆಕ್ಕ ಇಡೋ ವ್ಯಕ್ತಿ, ವಸ್ತು) ಬೇರೆ, ಸಂಬಂಧ ಬೇರೆ, ಆ ಸಂಬಂಧದಲ್ಲಿ ಎಂಟಿಟಿ ಆಡೋ ಪಾತ್ರ ಬೇರೆ ಅಂತ ಬಿಡಿಸಿ ಬರೆದಿದಾರೆ. ನಾವು ಇವತ್ತಿಗೂ ಮೂರನ್ನೂ ಒಂದೇ ಟೇಬಲ್ಲಿಗೆ ತುರುಕ್ತೀವಿ.

ನಿಮ್ಮ ಲೀಡ್‌ಗೆ ಇಷ್ಟು ಕೇಳಿ ನೋಡಿ. ಆ್ಯಪ್‌ನ ಯೂಸರ್ಸ್ ಟೇಬಲ್ ಮಾಡಿದ್ದು ಯಾರು, ಯಾಕೆ? ಓಟಿಪಿ ಕಳಿಸಿ ಲಾಗಿನ್ ಮಾಡಿಸೋಕೆ. ಅದು ಲಾಗಿನ್ ವಿಷಯದಲ್ಲಿ ಸತ್ಯಾನೇ. ಬಾಗಿಲ ವಿಷಯದಲ್ಲಿ ಅದಕ್ಕೇನು ಗೊತ್ತು.

ಸಿಲ್ಕ್‌ಬೋರ್ಡ್_ಸಂತ್ರಸ್ತ · ಮಂಗಳವಾರ, ಬೆಳಗ್ಗೆ 9:50

ಕ್ವೆರಿ ಅವರು ಹೇಳಿದ್ದು ಓದೋಕೆ ಚೆನ್ನಾಗಿದೆ, ಮಾಡೋಕೆ ಹೋದ್ರೆ ಸೊಂಟ ಮುರಿಯತ್ತೆ. ಸ್ವಂತ ಅನುಭವ ಹೇಳ್ತೀನಿ. (ಜಂಕ್ಷನ್ನಲ್ಲಿ ಬಸ್ ನಿಂತಿದೆ, ಟೈಮಿಗೇನೂ ಬರ ಇಲ್ಲ.)

ಹಿಂದೆ ಔಟರ್ ರಿಂಗ್ ರೋಡಲ್ಲಿ ಒಂದು ಕಂಪನಿಲಿದ್ದೆ, ಸಾಲ ಕೊಡೋ ಬಿಸಿನೆಸ್ಸು. ಅಲ್ಲಿ ಇದೇ ಜಗಳ ಬಂದು ಎಂಟಿಟಿಗಳನ್ನೆಲ್ಲ ಸರಿಯಾಗಿ ಡಿಫೈನ್ ಮಾಡಣ ಅಂತ ಒಂದು ಪ್ರಾಜೆಕ್ಟ್ ಶುರು ಮಾಡಿದ್ರು. ವಾರಕ್ಕೊಂದು ವರ್ಕ್‌ಶಾಪ್ಪು, ಕಾನ್ಫರೆನ್ಸ್ ರೂಮಲ್ಲಿ ಗೋಡೆ ತುಂಬ ಹಳದಿ ಚೀಟಿ, ಎಕ್ಸೆಲ್‌ನಲ್ಲಿ ಗ್ಲಾಸರಿ. ಸಾಲಗಾರ ಅಂದ್ರೆ ಅರ್ಜಿ ಹಾಕಿದೋನಾ, ಅಪ್ರೂವ್ ಆದೋನಾ, ದುಡ್ಡು ಅಕೌಂಟಿಗೆ ಬಿದ್ದೋನಾ ಅಂತಾನೇ ಐದು ವಾರ. ಎಂಟು ತಿಂಗಳಾದ್ಮೇಲೆ ಗ್ಲಾಸರಿಲಿ ಮುನ್ನೂರು ಚಿಲ್ಲರೆ ಪದ ಇತ್ತು, ವೇರ್‌ಹೌಸ್‌ನಲ್ಲಿ ಒಂದು ಕಾಲಮ್ಮೂ ಬದಲಾಗಿರ್ಲಿಲ್ಲ. ಪ್ರಾಜೆಕ್ಟ್ ತಂದಿದ್ದ ವೈಸ್ ಪ್ರೆಸಿಡೆಂಟ್ ಬೇರೆ ಕಡೆ ಹೋದ್ರು, ಚೀಟಿಗಳು ಗೋಡೆಯಿಂದ ತಾನಾಗೇ ಉದುರಿದ್ವು, ಹೌಸ್‌ಕೀಪಿಂಗ್‌ನೋರು ಗುಡಿಸಿಹಾಕಿದ್ರು.

ನಾಲ್ಕು ಜನದ ಟೀಮು, ಒಬ್ರು ಹೋಗ್ತಿದಾರೆ ಬೇರೆ. ಎಲ್ಲ ಎಂಟಿಟಿ ಮೇಲೆ ಕೈ ಹಾಕಬೇಡಿ. ಸೋಮವಾರದ ರಿವ್ಯೂಲಿ ಯಾವ ನಂಬರಿಗೆ ಜಗಳ ಆಗತ್ತೋ ಅದಕ್ಕೆ ಮಾತ್ರ ಕೈ ಹಾಕಿ, ಉಳಿದಿದ್ದು ಕೊಳೀಲಿ ಬಿಡಿ. ಮತ್ತೆ ಮೊದಲ ದಿನ ಮಾಡಬೇಕಾಗಿರೋ ಕೆಲಸಕ್ಕೆ ಮಾಡೆಲಿಂಗೇ ಬೇಕಾಗಿಲ್ಲ: ಆ ಮೂರು ಕಾಲಮ್ಮುಗಳ ಹೆಸರು ಬದಲಾಯಿಸಿ. ಆರ್ಡರ್ ಮಾಡಿದ ಫೋನ್ ನಂಬರ್‌ಗಳು, ಡೆಲಿವರಿ ಆದ ವಿಳಾಸಗಳು, ಬಿಲ್ ಆದ ಹೆಸರುಗಳು. ಅರ್ಧ ದಿನದ ಕೆಲಸ. ಮುಂದಿನ ಸೋಮವಾರ ಯಾರೂ ಕಿತ್ತಾಡಲ್ಲ, ಬೆಟ್.

ಲೆಕ್ಕಪತ್ರ29 · ಮಂಗಳವಾರ, ಮಧ್ಯಾಹ್ನ 1:30

ನಾನು ಡೇಟಾ ಅಲ್ಲ, ಅಕೌಂಟ್ಸು. ಗೆಳತಿಯೊಬ್ಬರು ಲಿಂಕ್ ಕಳಿಸಿದ್ರು, ನಿಮ್ಮ ಫೈನಾನ್ಸ್ ಮೇಡಂ ಪರವಾಗಿ ಯಾರೂ ಮಾತಾಡ್ತಿಲ್ಲ ಅಂತ ಬಂದೆ 🙂

ನೋಡಿ, ನಿಮಗೆ ಎಂಟಿಟಿ ಅನ್ನೋದು ಚರ್ಚೆ ಮಾಡೋ ವಿಷಯ, ನಮಗೆ ಅದು ಕಾನೂನು. ಬಿಲ್ ಯಾರ ಹೆಸರಲ್ಲಿದೆಯೋ ಅವರೇ ಪಾರ್ಟಿ, ಬಾಕಿ ಬಂದ್ರೆ ನೋಟಿಸ್ ಹೋಗೋದು ಅವರಿಗೇ, ಬಾಗಿಲಿಗಲ್ಲ. ಅಸೋಸಿಯೇಷನ್ನಿನ ನಲವತ್ತು ಲೀಟರನ್ನ ನೀವು ಸೆಕ್ರೆಟರಿ ತಲೆಗೆ ಕಟ್ಟಿದ್ರೆ ಅವರ ಮನೇಲಿ ಪಾಪ ಯಾರೋ ಹಾಲಲ್ಲೇ ಸ್ನಾನ ಮಾಡ್ತಾರೆ ಅಂತ ನಿಮ್ಮ ರಿಪೋರ್ಟ್ ಹೇಳತ್ತೆ.

ಆದ್ರೆ ನಮ್ಮ ಕಡೇನೂ ಒಂದೇ ಉತ್ತರ ಇಲ್ಲ ಅನ್ನೋದನ್ನ ಒಪ್ಕೋಬೇಕು. ಜಿಎಸ್‌ಟಿ ನೋಂದಣಿ ನಂಬರ್, ಅಂದ್ರೆ ಜಿಎಸ್‌ಟಿಐಎನ್ ತಗೊಳ್ಳಿ, 15 ಅಕ್ಷರ. ಮೊದಲ ಎರಡು ರಾಜ್ಯದ ಕೋಡು, ನಮ್ಮ ಕರ್ನಾಟಕಕ್ಕೆ 29. ಆಮೇಲಿನ ಹತ್ತು ಪ್ಯಾನ್ ನಂಬರ್. ಹದಿಮೂರನೇದು ಅದೇ ಪ್ಯಾನಿನ ಮೇಲೆ ಅದೇ ರಾಜ್ಯದಲ್ಲಿ ಎಷ್ಟನೇ ರಿಜಿಸ್ಟ್ರೇಷನ್ ಅನ್ನೋದು. ಕೊನೇದು ಚೆಕ್ ಅಕ್ಷರ. ಅಂದ್ರೆ ಒಂದೇ ಕಂಪನಿ ಇಲ್ಲೂ ಹೊಸೂರಲ್ಲೂ ಕ್ಯಾಂಟೀನ್ ನಡೆಸಿದ್ರೆ ಪ್ಯಾನ್ ಒಂದು, ಜಿಎಸ್‌ಟಿಐಎನ್ ಎರಡು, ಹೊಸೂರಿಂದು 33ರಿಂದ ಶುರುವಾಗತ್ತೆ. ರಿಟರ್ನ್ ಫೈಲ್ ಮಾಡುವಾಗ ಎರಡು ಪಾರ್ಟಿ, ಇವರಿಗೆ ಎಷ್ಟು ಉದ್ದರಿ ಕೊಡಬಹುದು ಅಂತ ನೋಡುವಾಗ ಒಂದೇ ಪಾರ್ಟಿ. ಹೋದ ಕಂಪನಿಲಿ ಬಿಲ್ ಟೇಬಲ್ಲನ್ನೂ ಜಿಎಸ್‌ಟಿಐಎನ್ ಟೇಬಲ್ಲನ್ನೂ ಪಾರ್ಟಿ ಹೆಸರಿನ ಮೇಲೆ ಜಾಯಿನ್ ಮಾಡಿ (ಜೋಡಿಸಿ) ಒಬ್ಬ ಹುಡುಗ ಬಾಕಿ ರಿಪೋರ್ಟ್ ಕೊಟ್ಟ. ಪ್ರತಿ ಬಿಲ್ಲೂ ಎರಡೆರಡು ಸಲ ಬಂತು, ಬಾಕಿ ಡಬಲ್ ಆಯ್ತು. ಒಳ್ಳೇ ಪಾರ್ಟಿಗೆ ಸಪ್ಲೈ ನಿಲ್ಸಿಬಿಟ್ರು, ಅವರನ್ನ ಸಮಾಧಾನ ಮಾಡೋಕೆ ಸಿಹಿ ಡಬ್ಬ ತಗೊಂಡು ಹೋಗಿದ್ದು ನಾನು.

ಯಾವ ಟೇಬಲ್ ಮಾಡಿದ್ರೂ ಅದರ ತಲೆ ಮೇಲೆ ಒಂದು ವಾಕ್ಯ ಬರೀರಿ, ಈ ಟೇಬಲ್ಲಲ್ಲಿ ಒಂದು ಸಾಲು ಅಂದ್ರೆ ಇಂಥದ್ದು ಅಂತ. ಆ ವಾಕ್ಯದಲ್ಲಿ 'ಅಥವಾ' ಬಂತು ಅಂದ್ರೆ ಅಲ್ಲಿ ಎರಡು ಟೇಬಲ್ ಇದೆ ಅಂತ ಅರ್ಥ.

ಅರ್ಧಲೀಟರ್ · ಮಂಗಳವಾರ, ಸಂಜೆ 6:05

ಮೇಡಂ, ಆ ಅಥವಾ ಮಾತು ಸೂಪರ್. ನಮ್ಮ ಈಗಿನ ಟೇಬಲ್ ಡಿಸ್ಕ್ರಿಪ್ಷನ್ ತೆಗೆದು ನೋಡಿದೆ, 'ಆ್ಯಪ್ ಅಥವಾ ಕಾಲ್ ಸೆಂಟರ್ ಅಥವಾ ಅಪಾರ್ಟ್‌ಮೆಂಟ್ ಸ್ಟಾಲ್ ಮೂಲಕ ಸೇರಿದ ಗ್ರಾಹಕ ಅಥವಾ ಸಂಸ್ಥೆ' ಅಂತಿದೆ. ಮೂರು ಅಥವಾ! ಬರೆದೋನು ನಾನೇ 🤦

ಸಂತ್ರಸ್ತ ಅವರೇ, ಕಾಲಮ್ ಹೆಸರು ಬದಲಾಯಿಸೋದು ಇವತ್ತೇ ಮಾಡಿದೆ. ಆದ್ರೆ ಮಾರ್ಕೆಟಿಂಗ್‌ನೋರು ಆಗ್ಲೇ ಮೆಸೇಜ್ ಹಾಕಿದಾರೆ, ಇದೆಲ್ಲ ಇರ್ಲಿ, ನಿಜವಾದ ಕಸ್ಟಮರ್ ಕೌಂಟ್ ಯಾವುದು ಅಂತ ಹೇಳಿ ಅಂತ. ಇದಕ್ಕೇನ್ ಹೇಳ್ಲಿ?

ಪಿಂಕ್‌ಟಿಕೆಟ್ · ಮಂಗಳವಾರ, ರಾತ್ರಿ 8:20

'ನಿಜವಾದ' ಅನ್ನೋ ಪದ ಕಂಡ ತಕ್ಷಣ ಯಾವ ಕೆಲಸಕ್ಕೆ ಬೇಕು ಅಂತ ವಾಪಸ್ ಕೇಳ್ರಿ.

ನಾನು ದಿನಾ ಬನಶಂಕರಿಯಿಂದ ಮೆಜೆಸ್ಟಿಕ್, ಅಲ್ಲಿಂದ ಯಶವಂತಪುರ, ಬಿಎಂಟಿಸಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ನಮಗೆ. ಹೋಗ್ತಾ ಎರಡು, ಬರ್ತಾ ಎರಡು, ದಿನಕ್ಕೆ ನಾಲ್ಕು ಶೂನ್ಯ ಟಿಕೆಟ್. ಪೇಪರ್ ಹೆಡ್‌ಲೈನಲ್ಲಿ ಇಷ್ಟು ಕೋಟಿ ಮಹಿಳೆಯರು ಪ್ರಯಾಣಿಸಿದರು ಅಂತ ಬಂದಾಗೆಲ್ಲ ಅದರಲ್ಲಿ ದಿನಾ ನಾಲ್ಕು ನಾನೇ ಇದೀನಿ ಅಂತ ನಗು ಬರತ್ತೆ. ಅವರು ಎಣಿಸ್ತಿರೋದು ಟಿಕೆಟ್ಟು, ಹೆಂಗಸರನ್ನಲ್ಲ. ನಿಗಮಕ್ಕೆ ಸರ್ಕಾರದಿಂದ ದುಡ್ಡು ಕೇಳೋಕೆ ಟಿಕೆಟ್ ಲೆಕ್ಕ ಸರಿಯಾಗೇ ಇದೆ. ಇದರಿಂದ ಎಷ್ಟು ಜನ ಹೆಂಗಸರು ಹೊಸದಾಗಿ ಕೆಲಸಕ್ಕೆ ಹೊರಟ್ರು ಅಂತ ಕೇಳಿದ್ರೆ ಆ ಲೆಕ್ಕ ಉಪಯೋಗಕ್ಕೆ ಬರಲ್ಲ, ಯಾಕಂದ್ರೆ ಆಧಾರ್ ತೋರಿಸಿದ್ರೂ ಕಂಡಕ್ಟರ್ ಮೆಷಿನ್ನಿಗೆ ನಾನ್ಯಾರು ಅನ್ನೋದು ಹೋಗೋದೇ ಇಲ್ಲ.

ಕೂಪನ್ ದುರುಪಯೋಗ ನೋಡೋಕೆ ಮನೆ ಬೇಕು, ಎಸ್‌ಎಂಎಸ್ ಕಳಿಸೋಕೆ ಫೋನ್ ಬೇಕು, ವ್ಯಾನ್ ಎಷ್ಟು ಬೇಕು ಅನ್ನೋದಕ್ಕೆ ಜಾಗ ಬೇಕು. ಮಾರ್ಕೆಟಿಂಗ್‌ನೋರಿಗೆ ನೀವು ಆ ನಂಬರ್ ಇಟ್ಕೊಂಡು ಏನು ಮಾಡ್ತೀರಾ ಅಂತ ಮಾತ್ರ ಕೇಳಿ. ಏನೂ ಮಾಡಲ್ಲ, ಸ್ಲೈಡಿಗೆ ಹಾಕ್ತೀವಿ ಅಂದ್ರೆ ಯಾವುದು ದೊಡ್ಡದಿದೆಯೋ ಅದನ್ನೇ ಕೊಡಿ, ಹೇಗೂ ಅದನ್ನೇ ಹಾಕ್ತಾರೆ.

ಮಲ್ಲೇಶ್ವರಂ_ಮೋಡ · ಬುಧವಾರ, ಬೆಳಗ್ಗೆ 6:40

ಎಲ್ರೂ ಯಾರು ಅನ್ನೋದನ್ನ ಮಾತಾಡ್ತಿದೀರಾ, ಯಾವಾಗ ಅನ್ನೋದು ಅದಕ್ಕಿಂತ ಜಾಸ್ತಿ ಕಾಡತ್ತೆ. ಒಂದು ಎಂಟಿಟಿ ಹುಟ್ಟೋದು ಯಾವಾಗ, ಸಾಯೋದು ಯಾವಾಗ, ಏನು ಬದಲಾದ್ರೂ ಅದು ಅದೇ, ಏನು ಬದಲಾದ್ರೆ ಅದು ಬೇರೆ. ಇಷ್ಟು ಬರೆಯದೇ ಇದ್ರೆ ಡೆಫಿನಿಷನ್ ಪೂರ್ತಿ ಆಗ್ಲಿಲ್ಲ ಅಂತಾನೇ ನನ್ನ ಲೆಕ್ಕ.

ಅರ್ಧಲೀಟರ್ ಅವರೇ, ನಿಮ್ಮ ಹೆಸರಿಂದಾನೇ ಶುರು ಮಾಡ್ತೀನಿ. 2024ರ ಜೂನ್ 26ರಿಂದ ನಂದಿನಿ ಅರ್ಧ ಲೀಟರ್ ಪ್ಯಾಕೆಟ್ 550 ಎಂಎಲ್ ಆಯ್ತು, ಒಂದು ಲೀಟರಿಂದು 1,050 ಆಯ್ತು, ಪ್ಯಾಕೆಟ್ಟಿಗೆ 2 ರೂಪಾಯಿ ಜಾಸ್ತಿ. 2025ರ ಏಪ್ರಿಲ್ 1ಕ್ಕೆ ಆ 50 ಎಂಎಲ್ ವಾಪಸ್ ತಗೊಂಡ್ರು, ಲೀಟರಿಗೆ 4 ರೂಪಾಯಿ ಏರಿಸಿದ್ರು. ಅದೇ ನೀಲಿ ಪ್ಯಾಕೆಟ್ಟು, ಅಂಗಡಿಲಿ ಜನ ಆ ಒಂಬತ್ತು ತಿಂಗಳೂ ಕೇಳಿದ್ದು 'ಅರ್ಧ ಲೀಟರ್ ಕೊಡಿ' ಅಂತಾನೇ. ಇದು ಒಂದು ಪ್ರಾಡಕ್ಟಾ, ಎರಡಾ, ಮೂರಾ?

ನಾನಾಗ ಇದ್ದ ಕಡೆ ಕ್ಯಾಟಲಾಗ್ ಟೀಮಿನೋರು ಪ್ರಾಡಕ್ಟ್ ಮಾಸ್ಟರಲ್ಲಿ (ಪ್ರಾಡಕ್ಟುಗಳ ಮೂಲ ಪಟ್ಟೀಲಿ) ಪ್ಯಾಕ್ ಸೈಜ್ 500 ಇದ್ದಿದ್ದನ್ನ ಅಳಿಸಿ 550 ಅಂತ ಬರೆದ್ರು, ಅಷ್ಟೆ. ನಮ್ಮ ಲೀಟರ್ ರಿಪೋರ್ಟ್ ಪ್ಯಾಕೆಟ್ ಇಂಟು ಪ್ಯಾಕ್ ಸೈಜ್ ಮಾಡೋದು. ರಾತ್ರೋರಾತ್ರಿ ಹಿಂದಿನ ಎರಡು ವರ್ಷದ ಮಾರಾಟ 10 ಪರ್ಸೆಂಟ್ ಉಬ್ಬಿತು. ನೂರು ಪ್ಯಾಕೆಟ್ಟಿಗೆ 50 ಲೀಟರ್ ಇದ್ದಿದ್ದು 55 ಆಯ್ತಲ್ಲ. ಯಾರೂ ಗಮನಿಸಲಿಲ್ಲ. ಏಪ್ರಿಲ್‌ನಲ್ಲಿ ಮತ್ತೆ 500 ಅಂತ ತಿದ್ದಿದ್ರು, ಆಗ ಎಲ್ಲ ಇಳೀತು, ಆಗ ಗಮನಿಸಿದ್ರು, ಯಾಕಂದ್ರೆ ಇಳಿದ್ರೆ ತಾನೇ ಕೂಗಾಡೋದು. ಮೂರು ದಿನ ನಿದ್ದೆ ಇಲ್ಲ ನನಗೆ.

ನಾವು ಕೊನೆಗೆ ಮಾಡಿದ್ದು ಏನಂದ್ರೆ, ಗಿರಾಕಿ ಬಾಯಲ್ಲಿ ಹೇಳೋ 'ನೀಲಿ ಅರ್ಧ ಲೀಟರ್' ಅನ್ನೋದು ಪ್ರಾಡಕ್ಟ್, ಅದಕ್ಕೊಂದು ನಮ್ಮದೇ ಕೀ, ಅಂದ್ರೆ ಗುರುತಿನ ನಂಬರ್. ಅಳತೆ, ಬೆಲೆ ಎಲ್ಲ ಅದರ ಆವೃತ್ತಿಗಳು, ಇಂಥಾ ದಿನದಿಂದ ಇಂಥಾ ದಿನದವರೆಗೆ ಅಂತ ಬೇರೆ ಬೇರೆ ಸಾಲು. ಡೇಟಾ ವೇರ್‌ಹೌಸ್ ಪುಸ್ತಕ ಬರೆದ ಕಿಂಬಾಲ್ ಕಾಲದಿಂದ ಟೈಪ್ 2 ಅಂತ ಕರೆಯೋದು ಇದನ್ನೇ, ಹೊಸದೇನಲ್ಲ. ಆರ್ಡರ್ ಸಾಲು ಆ ದಿನದ ಆವೃತ್ತಿಗೆ ಕಟ್ಟಿರತ್ತೆ, ಯಾರೇ ಬಂದು ಮಾಸ್ಟರ್ ತಿದ್ದಿದ್ರೂ ಹಳೇದು ಅಲ್ಲಾಡಲ್ಲ.

ಎಲ್ಲಕ್ಕೂ ಇದೇ ಮದ್ದು ಅಂದ್ಕೋಬೇಡಿ ಮಾತ್ರ. ನೀವು ಏರಿಯಾವಾರು ರಿಪೋರ್ಟ್‌ಗೆ ವಾರ್ಡ್ ಬಳಸ್ತಿದ್ರೆ ಹುಷಾರು. 198 ವಾರ್ಡ್ ಇತ್ತು, 2022ರಲ್ಲಿ 243 ಅಂದ್ರು, 2023ರಲ್ಲಿ 225 ಅಂದ್ರು, 2025ರಲ್ಲಿ ಬಿಬಿಎಂಪಿನೇ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆ ಬಂತು. ಇಲ್ಲಿ ಹಳೇ ವಾರ್ಡಿನ ಹೊಸ ಆವೃತ್ತಿ ಅಂತ ಮಾಡೋಕಾಗಲ್ಲ, ಗೆರೇನೇ ಬೇರೆ ಕಡೆ ಎಳೆದಿರ್ತಾರೆ, ಒಂದೇ ಹೆಸರಿನ ವಾರ್ಡ್ ಎರಡು ಪಟ್ಟೀಲಿ ಬೇರೆ ಬೇರೆ ಬೀದಿ ಒಳಗೊಂಡಿರತ್ತೆ. ಅದಕ್ಕೆ ನಾನು ವಾರ್ಡನ್ನ ಎಲ್ಲೂ ಕೀ ಮಾಡಲ್ಲ. ಅಕ್ಷಾಂಶ ರೇಖಾಂಶ ಇಟ್ಕೊಂಡು, ಯಾವ ಪಟ್ಟಿ ಪ್ರಕಾರ ಬೇಕೋ ಆ ನಕ್ಷೆ ಮೇಲೆ ಹಾಕಿ ಅವಾಗವಾಗ ಲೆಕ್ಕ ಮಾಡ್ಕೊಳೋದು.

ಕೊನೇದಾಗಿ, ಫೋನ್ ನಂಬರನ್ನ ಮನುಷ್ಯನ ಕೀ ಮಾಡಿದ್ರೆ ದೇವರೇ ಗತಿ. ನಿಂತೋದ ನಂಬರನ್ನ ಕನಿಷ್ಠ 90 ದಿನ ಆದ್ಮೇಲೆ ಇನ್ನೊಬ್ಬರಿಗೆ ಕೊಡಬಹುದು ಅನ್ನೋದು ಟೆಲಿಕಾಂ ನಿಯಮ. ನಿಮ್ಮ ಹಳೇ ಗಿರಾಕಿ ನಂಬರ್ ಇವತ್ತು ಯಾರ ಕೈಲಿದೆಯೋ. ಅವರಿಗೆ 'ನಿಮ್ಮನ್ನ ಮಿಸ್ ಮಾಡ್ಕೊಳ್ತಿದೀವಿ, ವಾಪಸ್ ಬನ್ನಿ' ಅಂತ ನೀವು ಮೆಸೇಜ್ ಕಳಿಸ್ತಿರ್ತೀರಿ.

ಸಿಲ್ಕ್‌ಬೋರ್ಡ್_ಸಂತ್ರಸ್ತ · ಬುಧವಾರ, ಬೆಳಗ್ಗೆ 10:10

ಒಪ್ಪಿದೆ ಸಾರ್, ಆದ್ರೆ ನಾಲ್ಕು ಜನದ ಟೀಮಿಗೆ ಇಷ್ಟೆಲ್ಲ ಹೇಳಿದ್ರೆ ಉಳಿದ ಮೂವರೂ ನೋಟಿಸ್ ಕೊಡ್ತಾರೆ.

ಅರ್ಧಲೀಟರ್ · ಎರಡು ವಾರ ಆದ್ಮೇಲೆ, ಶನಿವಾರ, ಮಧ್ಯಾಹ್ನ 12:15

ಎಲ್ರಿಗೂ ಥ್ಯಾಂಕ್ಸ್, ಏನಾಯ್ತು ಅಂತ ಬರೆದೇ ಬರೀತೀನಿ ಅಂದ್ಕೊಂಡಿದ್ದೆ.

ಮೀಟಿಂಗ್ ಕರೆದೆ, ಸುಖ ಇಲ್ಲ. ಒಬ್ಬೊಬ್ರೂ ಅವರವರ ಡ್ಯಾಶ್‌ಬೋರ್ಡ್ ಓದಿದ್ರು. ಆಮೇಲೆ ಆಪರೇಷನ್ಸ್ ಮ್ಯಾನೇಜರ್ ಒಬ್ರು, ನಮ್ಮ ಮಂಡ್ಯದೋರು, 'ಇಲ್ಲಿ ಕೂತ್ಕೊಂಡು ಏನ್ ಡಿಫೈನ್ ಮಾಡ್ತೀರಾ, ಬೆಳಗ್ಗೆ ನಾಲ್ಕೂವರೆಗೆ ಸ್ಟೋರ್ ಹತ್ರ ಬನ್ನಿ' ಅಂದ್ರು. ಹೋದೆ. ಬೊಮ್ಮನಹಳ್ಳಿ ಹಿಂದ್ಗಡೆ ಒಂದು ಶೆಡ್ಡು, ನೀಲಿ ಕ್ರೇಟುಗಳು ಸೊಂಟದ ಮಟ್ಟಕ್ಕೆ ಪೇರಿಸಿದಾರೆ, ನೆಲ ಎಲ್ಲ ಒದ್ದೆ, ಹುಡುಗರು ಜಾಕೆಟ್ ಹಾಕ್ಕೊಂಡು ಟೀ ಕುಡೀತಾ ಚೀಲ ಕಟ್ತಿದ್ರು. ಅವರ ಕೈಲಿ ಆ್ಯಪೂ ಇದೆ, ಜೊತೆಗೆ ಒಂದೊಂದು ಪಾಕೆಟ್ ನೋಟ್‌ಬುಕ್ಕೂ ಇದೆ. ಒಬ್ಬ ಹುಡುಗನ ಹತ್ರ ಇಸ್ಕೊಂಡು ನೋಡಿದೆ. ಬೆಂಡಾದ ಹಾಳೇಲಿ ಬಾಲ್ ಪೆನ್ನಲ್ಲಿ ಗೆರೆ ಎಳೆದು ಬರೆದಿದಾನೆ: ಟವರ್ ಬಿ, ಬಾಗಿಲು 61. ಟವರ್ ಸಿ, ಬಾಗಿಲು 48. ಬಿ-704ರ ಪಕ್ಕ ನಕ್ಷತ್ರ ಹಾಕಿ 'ನಾಯಿ ಇದೆ, ಚೀಲ ಮೇಲಿನ ಕೊಕ್ಕೆಗೆ' ಅಂತ ಬರೆದಿದಾನೆ. ಮನೆಯೋರು ಬದಲಾದ್ರಲ್ಲ, ನಾಯಿ ಇನ್ನೂ ಇದೆಯಾ ಅಂತ ಕೇಳಿದೆ. 'ಇಲ್ಲ ಸಾರ್, ನಾಯಿ ಹೋಯ್ತು, ಕೊಕ್ಕೆ ಇದೆ' ಅಂದ.

ಆ ಹುಡುಗನಿಗೆ ಯಾವ ವರ್ಕ್‌ಶಾಪ್ಪೂ ಬೇಕಾಗಿರ್ಲಿಲ್ಲ ನೋಡಿ. ಯಾವುದು ಬಾಗಿಲಿಗೆ ಸೇರಿದ್ದು, ಯಾವುದು ಅದರ ಹಿಂದಿರೋ ಜನಕ್ಕೆ ಸೇರಿದ್ದು ಅಂತ ಅವನು ಬಿಡಿಸ್ಕೊಂಡಾಗಿತ್ತು. ನಮ್ಮ ಟೇಬಲ್ಲಲ್ಲಿ ಡೆಲಿವರಿ ಸೂಚನೆ ಅನ್ನೋ ಕಾಲಮ್ ಯೂಸರ್ ಮೇಲಿತ್ತು, ಹಂಗಾಗಿ ಹಳೇ ಸಂಸಾರ ವೈಟ್‌ಫೀಲ್ಡ್‌ಗೆ ಹೋದಾಗ 'ಮೇಲಿನ ಕೊಕ್ಕೆಗೆ' ಅನ್ನೋ ಸೂಚನೇನೂ ಅವರ ಜೊತೆ ಹೋಗಿಬಿಟ್ಟಿತ್ತು, ಅಲ್ಲಿ ಕೊಕ್ಕೆ ಇಲ್ಲ ಅಂತ ಮೂರು ಕಂಪ್ಲೇಂಟ್ ಬಂದಿದೆ. ನಾನು ಆ ಕಂಪ್ಲೇಂಟ್ ಟಿಕೆಟ್ ತೆಗೆದು ನೋಡ್ದೆ, ನಿಜ.

ಈಗ ಮಾಡಿರೋದು ಇಷ್ಟೇ. ಬಾಗಿಲು ಅಂತ ಒಂದು ಟೇಬಲ್, ಅಕೌಂಟ್ ಅಂತ ಒಂದು, ಬಿಲ್ ಪಾರ್ಟಿ ಅಂತ ಒಂದು. ಮಧ್ಯೆ ಯಾವತ್ತಿಂದ ಯಾವತ್ತಿಗೆ ಅನ್ನೋ ತಾರೀಖಿರೋ ಒಂದೇ ಬ್ರಿಡ್ಜ್. ಮನೆತನ ಮುಟ್ಟಿಲ್ಲ, ಸಂತ್ರಸ್ತ ಅವರ ಮಾತು ಕೇಳಿ. ಡಿಬಿಟಿಯಲ್ಲಿ (ವೇರ್‌ಹೌಸ್ ಟೇಬಲ್ ಕಟ್ಟೋಕೆ ಬಳಸೋ dbt ಅನ್ನೋ ಟೂಲು) ಪ್ರತಿ ಟೇಬಲ್ಲಿಗೂ 'ಒಂದು ಸಾಲು ಅಂದ್ರೆ' ಅನ್ನೋ ವಾಕ್ಯ, ಅದರ ಕೀ ಮೇಲೆ ಯುನೀಕ್ ಟೆಸ್ಟ್, ಅಂದ್ರೆ ಒಂದೇ ಕೀ ಎರಡು ಸಲ ಬಂದಿಲ್ಲ ಅನ್ನೋ ಪರೀಕ್ಷೆ. ಆ ವಾಕ್ಯಗಳನ್ನ ಬರೆದಿದ್ದು ನಾವಲ್ಲ: ಬಾಗಿಲಿನದ್ದು ಆಪರೇಷನ್ಸ್ ಮ್ಯಾನೇಜರ್ ವಾಟ್ಸಾಪ್ ವಾಯ್ಸ್ ನೋಟಲ್ಲಿ ಹೇಳಿದ್ದು, ಬಿಲ್ ಪಾರ್ಟಿದು ಫೈನಾನ್ಸ್ ಮೇಡಂ ಬರೆದುಕೊಟ್ಟಿದ್ದು. ನಾವು ಮಾಡಿದ್ದು ಇಬ್ರ ವಾಕ್ಯದಲ್ಲೂ ಒಂದೇ ಪದ ಎರಡು ಅರ್ಥದಲ್ಲಿ ಬಂದ ಕಡೆ ಹಿಡಿದು ಕೇಳಿದ್ದು ಅಷ್ಟೆ. ಆ್ಯಕ್ಟಿವ್ (ಈಚೆಗೆ ಆರ್ಡರ್ ಮಾಡಿದೋರು) ಅನ್ನೋದನ್ನ ಯಾವ ಟೇಬಲ್ ಒಳಗೂ ಬಿಟ್ಕೊಳ್ಳಲಿಲ್ಲ. 30 ದಿನದ ಆ್ಯಕ್ಟಿವ್ವಾ 7 ದಿನದ್ದಾ ಅನ್ನೋದು ಆಮೇಲೆ ಎಣಿಸುವಾಗಿನ ಮಾತು.

ಲೀಡ್ ಇನ್ನೂ ಪೂರ್ತಿ ಒಪ್ಪಿಲ್ಲ, ಆದ್ರೆ ಕೊಕ್ಕೆ ಕಥೆ ಹೇಳಿದ್ಮೇಲೆ ಸುಮ್ನಾಗಿದಾರೆ.

ಕೆಂಗೇರಿ_ಕ್ವೆರಿ · ಶನಿವಾರ, ಮಧ್ಯಾಹ್ನ 3:40

ಭಲೇ. ಒಂದು ಡೌಟು, ಕೆಲವು ಲೇಔಟಲ್ಲಿ ಸೆಕ್ಯುರಿಟಿಯೋರು ಬೆಳಗ್ಗೆ ಐದಕ್ಕೆ ಒಳಗೇ ಬಿಡಲ್ಲ, ಎಲ್ಲ ಚೀಲಾನೂ ಗೇಟ್ ಹತ್ರ ಒಂದು ಟೇಬಲ್ ಮೇಲೆ ಇಟ್ಟು ಬರ್ತಾರೆ, ಜನ ವಾಕಿಂಗ್ ಮುಗಿಸ್ಕೊಂಡು ತಗೊಂಡು ಹೋಗ್ತಾರೆ. ಅಲ್ಲಿ ಬಾಗಿಲು ಒಂದಾ, ನಲವತ್ತಾ?

ಅರ್ಧಲೀಟರ್ · ಶನಿವಾರ, ಸಂಜೆ 5:10

ಅಯ್ಯೋ ಅಲ್ಲೇ ಸಿಕ್ಕಾಕೊಂಡಿದೀವಿ ಈಗ. ವ್ಯಾನ್ ರೂಟಿನೋರು ಒಂದು ಅಂತಾರೆ, ಚೀಲ ಕಟ್ಟೋ ಹುಡುಗರು ನಲವತ್ತು ಅಂತಾರೆ. ಆ ಪಾಕೆಟ್ ನೋಟ್‌ಬುಕ್ ಹುಡುಗನ್ನೇ ಕೇಳಿದೆ. 'ಅದು ಬಾಗಿಲಲ್ಲ ಸಾರ್, ಗೇಟು' ಅಂದ. ಸೋಮವಾರ ಇನ್ನೊಂದು ಟೇಬಲ್ ಬರತ್ತೆ ಅನ್ಸತ್ತೆ.